ಕೊಂಡಿಯ ಕೆಳಗಿನ ಇಸವಿ

ಮೊದಲು ಯಾರೋ ದೀರ್ಘವಾಗಿ ಉಸಿರು ಬಿಟ್ಟಂಥ ಸದ್ದು, ಅದರ ಬೆನ್ನಿಗೇ ‘ಧಬ್’. ಅಕ್ಕಸಾಲಿಗ ಪತ್ತಾರರ ಕೈಪ್ರೆಸ್ಸಿನ ಉದ್ದನೆಯ ತೋಳು ಎರಡು ತುದಿಗೂ ಕಬ್ಬಿಣದ ಗುಂಡು ಹೊತ್ತುಕೊಂಡು ಅರ್ಧ ಸುತ್ತು ತಿರುಗುವಾಗ ಗಾಳಿ ಹಾಗೆ ಉಸಿರಾಡುತ್ತಿತ್ತು. ಅಚ್ಚು ಬೆಳ್ಳಿಯನ್ನು ಕಚ್ಚಿದ ಕ್ಷಣ ನೆಲದ ಫರಸಿ ನನ್ನ ಅಂಗಾಲಿನವರೆಗೂ ನಡುಗುತ್ತಿತ್ತು. ರಬಕವಿಯ ಆ ಓಣಿಯಲ್ಲಿ ಎರಡೂ ಬದಿಗೆ ಪವರ್‌ಲೂಮುಗಳು ಖಟಾಖಟ್ ಎನ್ನುತ್ತಲೇ ಇರುತ್ತವೆ. ಅಲ್ಲಿಯ ಜನ ಮಾತಾಡುವುದೇ ಒಂದು ಸ್ವರ ಮೇಲೆ. ಆದರೂ ಆ ‘ಧಬ್’ ಬೇರೆಯಾಗಿ ಕೇಳುತ್ತಿತ್ತು. ಪ್ರತಿ ಸಲವೂ ನನ್ನ ಎದೆ ಹಾರುತ್ತಿತ್ತು, ಪ್ರತಿ ಸಲವೂ ಪತ್ತಾರರು ನಗುತ್ತಿದ್ದರು.

“ಅಂಜಬ್ಯಾಡ್ರಿ ಅಕ್ಕಾರ. ನಿಮ್ಮ ನಾಯಿನ ಬೊಗಳಾಕತ್ತೈತಿ.”

ನಾಯಿ ನನ್ನದೇ, ನಿಜ. ನಾನು ಬರೆದದ್ದು, ಅವರು ಉಕ್ಕಿನಲ್ಲಿ ಕೆತ್ತಿದ್ದು.

ಬನಹಟ್ಟಿಯಲ್ಲಿ ಸೀರೆ ವ್ಯಾಪಾರ ಮಾಡುವ ಸಾವಕಾರರೊಬ್ಬರಿಗೆ ಹಳೆಯ ನಾಣ್ಯಗಳ ಹುಚ್ಚು. ಅಂಥದೇ ಹುಚ್ಚಿನ ಗೆಳೆಯರ ಒಂದು ಸಣ್ಣ ಬಳಗವೂ ಅವರಿಗಿದೆ. ಒಂದು ದಿನ ಜಮಖಂಡಿಯ ನಮ್ಮ ಮನೆಗೆ ಬಂದು ಚಹಾ ತಣ್ಣಗಾಗುವವರೆಗೆ ಮಾತಾಡಿದರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ಊರುಗಳು ಒಂದೊಂದು ತಮ್ಮದೇ ಬೆಳ್ಳಿ ನಾಣ್ಯ ಹೊಡೆಸಿದ್ದರೆ ಅದು ಹೇಗಿರುತ್ತಿತ್ತು? ಅದನ್ನು ನಾನು ಬರೆದುಕೊಡಬೇಕು. ಹಳೆಯ ನಾಣ್ಯ ನೋಡಿ ಅದರಂತೆಯೇ ಮಾಡಿದರೆ ಅದು ಖೋಟಾ. ಯಾವ ಅರಸನೂ ಹೊಡೆಸದ, ಯಾವ ಸಂತೆಯಲ್ಲೂ ನಡೆಯದ ನಾಣ್ಯವನ್ನು ಮನಸ್ಸಿನಿಂದ ಹುಟ್ಟಿಸಿದರೆ ಅದಕ್ಕೆ ಫ್ಯಾಂಟಸಿ ಕಾಯಿನ್ ಅನ್ನುತ್ತಾರಂತೆ. ಮೋಸವಲ್ಲ, ಆಟ. ಬಳಗದವರಿಗೆ ತಲಾ ಒಂದು ಸೆಟ್, ಅಷ್ಟೇ.

ಆಟ ಎಂದ ಕೂಡಲೇ ನನ್ನ ಕೈ ಚುರುಗುಟ್ಟಿತು. ಸಾಲಿಯಲ್ಲಿ ಡ್ರಾಯಿಂಗ್ ಕಲಿಸುವುದು ನಿಂತ ಮೇಲೆ ಈ ಕೈಗೆ ಇಂಥ ಕೆಲಸ ಸಿಕ್ಕಿರಲಿಲ್ಲ. ಕಾನ್ವೆಂಟಿನಲ್ಲಿ ನನಗೆ ಪೆನ್ಸಿಲ್ ಹಿಡಿಯುವುದು ಕಲಿಸಿದ ಸಿಸ್ಟರ್ ಒಬ್ಬರಿದ್ದರು. ‘ಲುಕ್ ಲಾಂಗರ್ ದ್ಯಾನ್ ಯು ಡ್ರಾ, ಚೈಲ್ಡ್’ ಎಂದು ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು. ಅವರ ಮಾತಿನಂತೆ ತಿಮ್ಮಾಪುರದ ನಾಯಿ ತಳಿ ಕೇಂದ್ರಕ್ಕೆ ಹೋಗಿ ಮುಧೋಳ ನಾಯಿಗಳನ್ನು ನೋಡುತ್ತ ಕೂತೆ. ಎದೆಯ ಆಳ, ಒಳಗೆ ಸೇದಿಕೊಂಡ ಹೊಟ್ಟೆ, ಓಡದೆ ನಿಂತಾಗಲೂ ಓಡುತ್ತಿರುವಂತೆ ಕಾಣುವ ಬೆನ್ನಿನ ಗೆರೆ. ಜಮಖಂಡಿಗೆ ಕಬ್ಬಿನ ಜಲ್ಲೆ, ಬೀಳಗಿಗೆ ಹಿನ್ನೀರಿನ ಕೊಕ್ಕರೆ, ರಬಕವಿ-ಬನಹಟ್ಟಿಗೆ ಮಗ್ಗದ ಲಾಳಿ ಬರೆದೆ. ಎಲ್ಲದರ ಹಿಂಬದಿಗೂ ಊರಿನ ಹೆಸರು, ಒಂದು ಜೋಳದ ತೆನೆ. ಬೆಲೆಯ ಅಂಕಿ ಯಾವುದರ ಮೇಲೂ ಇಲ್ಲ. ಆದರೆ ನಾಯಿಯ ಮುಂದೆ ಉಳಿದವೆಲ್ಲ ಹೋಂವರ್ಕ್ ಮಾಡಿದ ಹಾಗಿದ್ದವು.

ಪತ್ತಾರರು ಉಕ್ಕಿನ ತುಂಡನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂಳಿ, ನಿಧಾನಕ್ಕೆ ತಣಿಸಿ ಮೆದು ಮಾಡಿಕೊಂಡರು. ಅದರ ಮೇಲೆ ನನ್ನ ನಾಯಿಯನ್ನು ತಿರುಗುಮುರುಗು ಮಾಡಿ, ಉಬ್ಬಿರುವುದನ್ನೆಲ್ಲ ತಗ್ಗಾಗಿ ಕೆತ್ತುತ್ತ ಹೋದರು. ಆಗಾಗ ಬಿಸಿ ಅರಗು ಒತ್ತಿ ತೆಗೆದು ನನಗೆ ತೋರಿಸುವರು. ನಾನು ಕಿವಿ ದಪ್ಪವಾಯಿತು ಅನ್ನುವೆ, ಅವರು ಮತ್ತೆ ಬಗ್ಗುವರು. ಒಮ್ಮೆ ಹಿಂಗಾಲಿನ ಹತ್ತಿರ ಅವರ ಉಳಿ ಕೂದಲೆಳೆಯಷ್ಟು ಜಾರಿತು. ತಿದ್ದಲು ಹೋದರೆ ಕಾಲೇ ಹೋಗುತ್ತಿತ್ತು. ಬಿಟ್ಟೆವು. ಕೊನೆಗೆ ಅಚ್ಚನ್ನು ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಮೊದಲು ಒಂದೇ ಪ್ರಶ್ನೆ ಉಳಿದಿತ್ತು.

“ಈ ಗುರುತ ಎಲ್ಲಿ ಹಾಕ್ಲಿರೀ?”

ಗುರುತು ಬೇಕೇ ಬೇಕು ಎಂದು ಪಟ್ಟು ಹಿಡಿದವಳು ನಾನೇ. ಕಲ್ಪನೆಯ ‘ಕ’, ಅದರ ಪಕ್ಕಕ್ಕೆ ಮಾಡಿದ ಇಸವಿ, ಸಣ್ಣ ಕನ್ನಡ ಅಂಕಿಗಳಲ್ಲಿ. ಸಾವಕಾರರು ಒಪ್ಪಿದ್ದರು, ಆದರೆ ಅಂದ ಕೆಡಬಾರದು ಎಂದಿದ್ದರು. ನಾಯಿಯ ಬೆನ್ನಿನ ಮೇಲೆ, ಮೇಲಂಚಿನ ನಟ್ಟನಡುವೆ ಸ್ವಲ್ಪ ಜಾಗ ಖಾಲಿ ಇತ್ತು.

“ಇಲ್ಲಿ ಹಾಕ್ರಿ. ಟಾಪ್ ಸೆಂಟರ್. ಹುಡುಕಿದವರಿಗೆ ಕಾಣ್ತದ, ಹುಡುಕದವರಿಗೆ ತೊಂದ್ರಿಲ್ಲ.”

“ಬರೋಬ್ಬರಿ ಆತು ಬಿಡ್ರಿ,” ಎಂದರು ಪತ್ತಾರರು.

ಇಬ್ಬರಿಗೂ ಸಮಾಧಾನವಾಯಿತು. ನಾಣ್ಯಗಳು ಹೊರಬಿದ್ದವು, ಸಣ್ಣ ಡಬ್ಬಿಗಳಲ್ಲಿ ಕೂತು ಬಳಗದವರ ಮನೆ ಸೇರಿದವು. ಒಂದು ಸೆಟ್ ನನಗೂ ಬಂತು. ಎರಡು-ಮೂರು ಮಳೆಗಾಲ ಕಳೆದವು. ನಾನು ಮರೆತೇಬಿಟ್ಟಿದ್ದೆ.

ಆಮೇಲೆ ಬೀಳಗಿಯ ಮಾಸ್ತರರು ಬಂದರು.

ಅವರು ಇತಿಹಾಸ ಕಲಿಸಿ ನಿವೃತ್ತರಾದವರು. ಅವರ ಲೇಖನಗಳಿಗೆ ನಾನು ಆಗಾಗ ನಾಣ್ಯದ ರೇಖಾಚಿತ್ರ ಬರೆದುಕೊಡುತ್ತಿದ್ದೆ. ಬನಹಟ್ಟಿಯ ಬಳಗಕ್ಕೂ ಅವರಿಗೂ ಸಂಬಂಧವಿಲ್ಲ; ಅವರ ಕೈಯಲ್ಲಿ ಇದ್ದದ್ದು ಬರೀ ಬಟನ್ ಫೋನು, ಹಾಗಾಗಿ ಯಾವ ಗ್ರೂಪಿನ ಯಾವ ಫೋಟೋವೂ ಅವರಿಗೆ ತಲುಪುವುದಿಲ್ಲ. ನಮ್ಮ ಆಟದ ನಾಣ್ಯದ ಸುದ್ದಿಯನ್ನು ನಾನೂ ಅವರಿಗೆ ಹೇಳಿರಲಿಲ್ಲ, ಅವರಿಗೆ ಇಂಥವು ಹಿಡಿಸುವುದಿಲ್ಲ ಎಂದು ಗೊತ್ತಿತ್ತು. ಅವರ ಆಸ್ತಿ ಎಂದರೆ ಒಂದು ಕಬ್ಬಿಣದ ಟ್ರಂಕು. ಕೃಷ್ಣೆಯ ಹಿನ್ನೀರು ಏರುವ ಮುನ್ನ ಹಳ್ಳಿಗಳು ಖಾಲಿಯಾಗುತ್ತಿದ್ದಾಗ, ಆಗಿನ್ನೂ ತರುಣರಾಗಿದ್ದ ಮಾಸ್ತರರು ರಜೆಯ ದಿನ ಸೈಕಲ್ ಹತ್ತಿ ಒಂದೊಂದೇ ಊರಿಗೆ ಹೋಗುತ್ತಿದ್ದರು. ಹೊಸ್ತಿಲು ಕಿತ್ತಾಗ, ಒಳಕಲ್ಲು ಎಬ್ಬಿಸಿದಾಗ ಸಿಕ್ಕ ಸವೆದ ತಾಮ್ರದ ಕಾಸುಗಳನ್ನು ಜನ ಅವರ ಕೈಗೆ ಹಾಕುತ್ತಿದ್ದರು. ಪ್ರತಿಯೊಂದನ್ನೂ ಕಾಗದದಲ್ಲಿ ಸುತ್ತಿ ಮೇಲೆ ಊರಿನ ಹೆಸರು ಬರೆದಿಟ್ಟಿದ್ದಾರೆ. ಊರುಗಳು ನೀರಿನ ತಳದಲ್ಲಿವೆ. ಪೊಟ್ಟಣಗಳು ಟ್ರಂಕಿನಲ್ಲಿವೆ.

“ಮೇಡಂ, ಇವತ್ತ ನಿಮಗೊಂದ ಚಮತ್ಕಾರ ತೋರಸ್ತೇನಿ,” ಎಂದು ಕರ್ಚೀಫು ಬಿಚ್ಚಿದರು.

ನನ್ನ ನಾಯಿ!

ಆದರೆ ಅದೆಷ್ಟು ಹಣ್ಣಾಗಿತ್ತು! ತಗ್ಗುಗಳಲ್ಲೆಲ್ಲ ಭಂಡಾರದ ಅರಿಸಿನ ಕೂತು ಕಂದು ಬಣ್ಣಕ್ಕೆ ತಿರುಗಿತ್ತು. ಎಣ್ಣೆ, ಬೆವರು, ಕಂಬಳಿಯ ಉಜ್ಜು ತಾಗಿ ಬೆನ್ನು ಮೃದುವಾಗಿ ಸವೆದಿತ್ತು. ಸಾರಿ, ಸುಳ್ಳೇಕೆ ಹೇಳಲಿ, ಮೊದಲ ಕ್ಷಣ ನನಗೆ ಹೆಮ್ಮೆಯೇ ಆಯಿತು. ಬ್ಯೂಟಿಫುಲ್ ಆಗಿತ್ತು. ಆಮೇಲೆ ಕನ್ನಡಕ ಏರಿಸಿಕೊಂಡು ಮೇಲಂಚಿನಲ್ಲಿ ಗುರುತು ಹುಡುಕಿದೆ. ಅಲ್ಲಿ ಕೊಂಡಿ ಇತ್ತು. ದಾರ ಪೋಣಿಸುವ ಬೆಳ್ಳಿಯ ಕೊಂಡಿ, ಅಗಲವಾದ ಬೆಸುಗೆಯ ಮೇಲೆ ಭದ್ರವಾಗಿ ಕೂತಿತ್ತು. ‘ಕ’ ಇಲ್ಲ. ಇಸವಿ ಇಲ್ಲ.

ನಮ್ಮ ಕಡೆ ಬೆಳ್ಳಿಯ ದುಂಡನೆಯ ವಸ್ತು ಯಾವುದೇ ಸಿಗಲಿ, ಅದು ಇಂದಲ್ಲ ನಾಳೆ ಯಾರದೋ ಕೊರಳಿಗೆ ಹೋಗುತ್ತದೆ. ನನ್ನ ತಾಯಿಯ ಕೊರಳಲ್ಲೇ ನಾಣ್ಯ ಪೋಣಿಸಿದ ಪುತಳಿ ಸರ ಇತ್ತು, ಪ್ರತಿಯೊಂದಕ್ಕೂ ನೆತ್ತಿಯ ಮೇಲೆ ಕೊಂಡಿ. ಪತ್ತಾರರಂತೂ ಸಂತೆಯ ದಿನ ಕುರುಬರ ದೇವರು ಬೀರಪ್ಪನ ಪದಕಗಳಿಗೆ ಕೊಂಡಿ ಬೆಸೆಯುತ್ತಲೇ ಕೂತಿರುತ್ತಾರೆ, ಅದೇ ಜಾಗದಲ್ಲಿ. ಅಂಥ ನಾವಿಬ್ಬರೂ ಸೇರಿ, ಇಡೀ ನಾಣ್ಯದಲ್ಲಿ ಖಂಡಿತವಾಗಿ ಮುಚ್ಚಿಹೋಗುವ ಒಂದೇ ಜಾಗವನ್ನು ಆರಿಸಿ ಗುರುತು ಹಾಕಿದ್ದೆವು.

“ಸಾವಳಗಿ ಕಡೆ ಒಂದ ಕುರಬರ ಮನಿಯಾಗ ಸಿಕ್ಕೈತಿ,” ಎಂದು ಮಾಸ್ತರರು ಕುರ್ಚಿಯ ತುದಿಗೆ ಸರಿದರು. “ನಾಯಿ ಸಾಕಿದವ್ರಿಗೆ ಮುಧೋಳ ಅರಸರು ಕೊಟ್ಟ ಇನಾಮ ಅಂತ. ಇಂಥಾದ್ದು ಯಾವ ಪುಸ್ತಕದಾಗೂ ಇಲ್ಲ. ಒಬ್ಬ ವ್ಯಾಪಾರಿ ತಂದು ನೋಡಾಕ ಬಿಟ್ಟು ಹೋಗ್ಯಾನ. ಸೋಮವಾರ ಬರ್ತಾನ. ನನ್ನ ಟ್ರಂಕ್ ಅವಗ, ಇದು ನನಗ.”

“ಟ್ರಂಕಾ? ಪೂರಾ?”

“ಅವೆಲ್ಲಾ ಸವದ ಕಾಸ್ರೀ ಮೇಡಂ. ಇಷ್ಟ ವರ್ಷದಾಗ ಯಾರರೆ ಬಂದು ನೋಡ್ಯಾರೇನು? ಇದೊಂದು ಇದ್ರ ನಮ್ಮ ಭಾಗದ ಹಿಸ್ಟರಿ ಬದಲಾಗ್ತೈತಿ.”

ಆ ಟ್ರಂಕಿನಲ್ಲಿ ಎರಡೋ ಮೂರೋ ಅಪರೂಪದ ಕಾಸುಗಳಿವೆ ಎಂದು ನನಗೇ ಗೊತ್ತಿತ್ತು, ವ್ಯಾಪಾರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅವನ್ನು ಆರಿಸಿಕೊಂಡು ಉಳಿದವನ್ನು ತೂಕಕ್ಕೆ ಹಾಕುತ್ತಾನೆ. ಊರಿನ ಹೆಸರು ಬರೆದ ಕಾಗದ ಕಸದ ಬುಟ್ಟಿಗೆ. ನೀರಿನಲ್ಲಿ ಒಮ್ಮೆ ಮುಳುಗಿದ ಊರುಗಳು ಇನ್ನೊಮ್ಮೆ ಮುಳುಗುತ್ತವೆ, ಅದೂ ನಾನು ಬರೆದ ಒಂದು ನಾಯಿಗಾಗಿ.

“ಸರ್, ಇದು ನಾ ಬರೆದ ನಾಯಿ,” ಎಂದೆ.

ಅವರು ನಕ್ಕರು. ನಾನು ಒಳಗೆ ಹೋಗಿ ನನ್ನ ಸೆಟ್ಟಿನ ನಾಯಿಯನ್ನು ತಂದು ಪಕ್ಕದಲ್ಲಿಟ್ಟೆ. ನಗು ನಿಂತಿತು. ಎರಡನ್ನೂ ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿದರು. ಪತ್ತಾರರು ಕೆತ್ತುವಾಗ ಉಳಿ ಜಾರಿದ್ದು ಎಂದು ಹಿಂಗಾಲಿನ ಹತ್ತಿರದ ಗೆರೆಯನ್ನು ತೋರಿಸಿದೆ, ಎರಡರಲ್ಲೂ ಇತ್ತು.

“ಅದ ನೋಡ್ರಿ,” ಎಂದರು ಕೊನೆಗೆ, ಮುಖ ಬಿಗಿದುಕೊಂಡು. “ನಿಮ್ಮ ಪತ್ತಾರ ಈ ಹಳೇದರ ಮ್ಯಾಲೆ ಅಚ್ಚ ತಗದಾನ. ಅದಕ್ಕ ಗೆರಿ ಬಂದೈತಿ. ನೀವೂ ಎಲ್ಲೋ ಇದರ ಚಿತ್ರ ನೋಡಿದ್ದೀರಿ, ಮರ್ತೀರಿ. ವಯಸ್ಸಾತಲ್ರೀ ನಮಗೂ.”

ನನ್ನದೇ ಸಾಕ್ಷಿ ನನಗೇ ಉಲ್ಟಾ ಹೊಡೆಯಿತು. ನಕಲು ಎಂದಿದ್ದರೆ ಅಸಲು ತೋರಿಸಿ ಮುಗಿಸಬಹುದಿತ್ತು. ಇದಕ್ಕೆ ಅಸಲೇ ಇಲ್ಲ. ಇಲ್ಲದ್ದನ್ನು ಇಲ್ಲ ಎಂದು ತೋರಿಸುವುದು ಹೇಗೆ? ಅವರು ನಾಣ್ಯವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡರು, ಚಹಾವನ್ನೂ ಕುಡಿಯದೆ ಎದ್ದರು.

“ಒಂದೇ ಮಾತು ಸರ್. ಕೊಂಡಿ ಬಿಚ್ಚಿ ನೋಡೋಣ. ಅದರ ಕೆಳಗ ‘ಕ’ ಅಂತ ಅದ, ಪಕ್ಕಕ್ಕ ಇಸವಿ ಅದ. ಇಲ್ಲದಿದ್ರ ನಾ ಸೋತೆ. ನಿಮಗ ಬೇಕಾದ ಚಿತ್ರ ಬರಕೊಡ್ತೀನಿ.”

ಅವರು ಬಾಗಿಲಲ್ಲಿ ನಿಂತರು. ಇತಿಹಾಸ ಕಲಿಸಿದವರು, ನೋಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಮೊದಲು ಸಾವಕಾರರಿಗೆ ಫೋನ್ ಮಾಡಿದೆ. ಬಳಗದ ಒಬ್ಬರು ತಮ್ಮ ಸೆಟ್ಟನ್ನು ಬಿಡಿಬಿಡಿಯಾಗಿ ಮಾರಿದ್ದಾರೆಂದು ಅವರಿಗೂ ಗೊತ್ತಿತ್ತಂತೆ. “ನಾವು ಹಳೇದು ಅಂತ ಮಾರಿಲ್ಲಲ್ರೀ,” ಎಂದರು ತಣ್ಣಗೆ. “ಗುರುತ ಹಾಕೀವಿ. ಮುಚ್ಚಿದವ್ರು ಬ್ಯಾರೆ, ಮಾರಿದವ್ರು ಬ್ಯಾರೆ. ನಮ್ಮ ತಪ್ಪೇನೈತಿ? ಸುಮ್ಮ ಇದ್ದುಬಿಡ್ರಿ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟವಾಗಿದ್ದು. ಫೋನ್ ಇಟ್ಟ ಮೇಲೆ ಯೋಚಿಸಿದೆ. ನಾನು ಒಂದು ಚಿತ್ರ ಬರೆದರೆ ಅದು ಗೋಡೆಯ ಮೇಲೆ ಇರುತ್ತದೆ, ಕೇಳಿದವರಿಗೆ ಮನೆಯವರು ಹೇಳುತ್ತಾರೆ. ನಾಣ್ಯ ಹಾಗಲ್ಲ. ಕೈಯಿಂದ ಕೈಗೆ ಹೋಗುವುದೇ ಅದರ ಗುಣ, ಪ್ರತಿ ಕೈಯಲ್ಲೂ ಹಿಂದಿನವರ ಮಾತು ಉದುರಿಹೋಗುತ್ತದೆ. ಡಬ್ಬಿಯ ಮೇಲೆ ಏನು ಬರೆದಿದ್ದೇವೆ, ನಾವು ಬಾಯಲ್ಲಿ ಏನು ಹೇಳಿದ್ದೇವೆ, ಒಂದೂ ಲೆಕ್ಕಕ್ಕಿಲ್ಲ. ಹೇಳುವುದಿದ್ದರೆ ಅದೇ ಹೇಳಬೇಕು, ಅದರ ಮೈಯೇ ಹೇಳಬೇಕು.

ಪತ್ತಾರರಿಗೆ ಹೇಳಿದಾಗ ಅತ್ತಕಡೆಯಿಂದ ಬರೀ ಲೂಮಿನ ಸದ್ದು ಬಂತು. ಆಮೇಲೆ ಅವರು ಹಣೆ ಬಡಿದುಕೊಂಡದ್ದೂ ಕೇಳಿಸಿತು.

“ಅಯ್ಯ ಶಿವನ! ಕೊಂಡಿ! ಅಕ್ಕಾರ, ನಾವಿಬ್ರೂ ಕೂಡೇ ಶಾಣ್ಯಾರ ನೋಡ್ರಿ.”

“ಬಿಚ್ಚಲಿಕ್ಕೆ ಬರ್ತದೇನ್ರಿ?”

“ಬರ್ತೈತಿ. ಬೆಸಗಿ ಕರಗಿದಾಗ ಒರಸಿ ತಗೀಬೇಕು. ಕಾನಸು ಹಾಕಿ ತಿಕ್ಕಿದ್ರ ಕೆಳಗಿನ ಅಕ್ಷರಾನೂ ತೇದು ಹೋಗ್ತಾವ. ಆದ್ರ ಒಂದ ಮಾತು. ದೇವರ ಜಗಲಿ ಏರಿದ್ದರ ಕೊಂಡಿ ಮನಿಯವ್ರನ್ನ ಕೇಳದ ನಾ ಮುಟ್ಟಂಗಿಲ್ಲ. ನಮ್ಮಪ್ಪನೂ ಮುಟ್ಟಿಲ್ಲ.”

ಹೀಗೆ ಮರುದಿನ ಮೂವರೂ ಸಾವಳಗಿಗೆ ಹೊರಟೆವು. ಪತ್ತಾರರು ಬೈಕಿನ ಮೇಲೆ, ಇದ್ದಲಿ ಮತ್ತು ಊದುಗೊಳವೆ ಚೀಲದಲ್ಲಿ ಕಟ್ಟಿಕೊಂಡು. ನಾನು ಮತ್ತು ಮಾಸ್ತರರು ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ. ಅವರು ಶರ್ಟಿನ ಜೇಬಿನ ಮೇಲಿಂದ ಕೈ ತೆಗೆಯಲೇ ಇಲ್ಲ. ಸಾವಳಗಿಯಿಂದ ಮುಂದೆ, ವ್ಯಾಪಾರಿ ಮಾಸ್ತರರಿಗೆ ಹೇಳಿದ್ದ ಗುರುತು ಹಿಡಿದು, ಟಂಟಂ ರಿಕ್ಷಾದಲ್ಲಿ.

ಮನೆ ಹೊಲದ ದಂಡೆಗೆ ಇತ್ತು. ಕುರಿ ಮೇಯಲು ಹೋಗಿದ್ದವು, ಮರಿಗಳು ಮಾತ್ರ ಬುಟ್ಟಿಯ ಕೆಳಗೆ ಅರಚುತ್ತಿದ್ದವು. ಮನೆಯೊಡತಿ ನನ್ನದೇ ವಯಸ್ಸಿನವಳು, ಹಣೆ ತುಂಬ ಭಂಡಾರ. ಮಾಸ್ತರರು ಕರ್ಚೀಫು ಬಿಚ್ಚಿದ್ದೇ ತಡ, ನಾಣ್ಯವನ್ನು ಕಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು.

“ಬಂದ್ಯಾ ನಮ್ಮಪ್ಪಾ! ಎಲ್ಲಿ ಹೋಗಿದ್ದಿ? ಆ ವ್ಯಾಪಾರಿ ಭಾಡ್ಯಾ ಏನ ಹೇಳಿ ಒಯ್ದಾ ಗೊತ್ತೇನ್ರೀ? ಇದರ ದುಪ್ಪಟ್ಟ ತೂಕದ ಬೀರಪ್ಪನ ಪದಕಾ ತರ್ತೇನಿ ಅಂದಾ. ಪದಕಾನೂ ಇಲ್ಲ, ಅಂವನೂ ಇಲ್ಲ. ಕೊಳ್ಳ ಬರೇದ ಆಗಿ ಕುಂತೇನಿ.”

“ಇದು ನಿಮಗೆ ಎಲ್ಲಿಂದ ಬಂತು?” ಎಂದು ಕೇಳಿದೆ.

“ನನ್ನ ಮಗಾ ಮುಧೋಳ ಸಂತ್ಯಾಗ ತಂದಾ. ಹ್ವಾದ ವರ್ಷದ ಹಿಂದಿನ ವರ್ಷ. ನಾಯಿ ಐತಲ್ಲಬೇ, ಕುರಿ ಕಾಯೋ ನಾಯಿ, ದೇವರ ಮಗ್ಗಲಕ ಇರ್ಲಿ ಅಂತ.”

ನಾನು ಮಾಸ್ತರರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

“ಮತ್ತ ಅರಸರು ಕೊಟ್ಟದ್ದು ಅಂತ...” ಎಂದರು ಮೆಲ್ಲಗೆ.

“ಅದು ಅಂವನ ಹೇಳಿದ್ದು. ನಿಮ್ಮ ಹಿರೇರಿಗೆ ರಾಜಾ ಕೊಟ್ಟಾನ, ನಿಮ್ಮದು ದೊಡ್ಡ ಮನಿತನ ಅಂದಾ. ಅಷ್ಟ ಪ್ರೀತಿಲೆ ಹೇಳಾಕತ್ತಿದ್ದಾ, ಇಲ್ಲಾ ಅಂದ್ರ ಪಾಪ ಅಂವಗ ಬ್ಯಾಸರ ಆಗ್ತೈತಿ ಅಂತ ಸುಮ್ಮನಾದೆ.”

ಪತ್ತಾರರು ಕೆಮ್ಮಿದಂತೆ ಮಾಡಿ ನಗು ನುಂಗಿದರು. ಮಾಸ್ತರರು ಮಾತ್ರ ಸುಲಭಕ್ಕೆ ಬಿಡುವವರಲ್ಲ. “ಸಂತ್ಯಾಗ ಹಳೇವೂ ಬರ್ತಾವ,” ಎಂದರು. “ನನ್ನವು ಅರ್ಧ ಸಂತ್ಯಾಗ ಸಿಕ್ಕಾವ.”

ನಾನು ಕೊಂಡಿಯ ವಿಷಯ ತೆಗೆದೆ. ಆಕೆಯ ಮುಖವೇ ಬದಲಾಯಿತು. ನಾಣ್ಯವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಏನಂದಿ? ದೇವರ ಮುಂದ ಇಟ್ಟು ಕೊಳ್ಳಿಗೆ ಹಾಕ್ಕೊಂಡದ್ದರ ಕೊಂಡಿ ಕೀಳ್ತಿ? ಬೆಂಕ್ಯಾಗ ಹಾಕ್ತಿ? ಯಾಕಬೇ, ನಿನಗೇನ ಮಾಡೇತಿ ಅದು?”

ಉತ್ತರ ಹೇಳಲೇಬೇಕಾಯಿತು. ಈ ನಾಯಿ ಬರೆದವಳು ನಾನು, ಕೆತ್ತಿದವರು ಇವರು, ಇದು ಹಳೆಯದಲ್ಲ ಎಂದೆ. ಆ ವ್ಯಾಪಾರಿ ಇದನ್ನು ಹಳೆಯದೆಂದು ಈ ಮಾಸ್ತರರಿಗೆ ಕೊಟ್ಟು, ಅವರು ಮುಳುಗಡೆ ಹಳ್ಳಿಗಳಿಂದ ಕೂಡಿಸಿದ ಕಾಸುಗಳನ್ನೆಲ್ಲ ಒಯ್ಯುತ್ತಾನೆ. ಅವರಿಗೆ ನನ್ನ ಮಾತಿನ ಮೇಲೆ ನಂಬಿಕೆಯಿಲ್ಲ. ಕೊಂಡಿಯ ಕೆಳಗೆ ನೋಡಿದರೆ ಮಾತ್ರ ನಂಬುತ್ತಾರೆ ಎಂದೆ.

ಆಕೆ ನನ್ನನ್ನು ಬಿಟ್ಟು ಮಾಸ್ತರರ ಕಡೆ ತಿರುಗಿದಳು. “ಮುಳುಗಡಿ ಊರಿನ ಕಾಸ ಅದಾವೇನ್ರೀ ನಿಮ್ಮ ಹತ್ರ? ನಮ್ಮ ತವರಮನಿ ಊರೂ ನೀರಾಗ ಹೋತು.” ಊರಿನ ಹೆಸರು ಹೇಳಿದಳು.

ಮಾಸ್ತರರು ಯೋಚಿಸಲಿಲ್ಲ. “ಐತ್ರೀ. ಒಂದೈತಿ. ಗೌಡರ ವಾಡೇದ ಹಿಂದ, ಬೇವಿನ ಗಿಡದ ಕಟ್ಟಿ ಕೀಳುವಾಗ ಸಿಕ್ಕದ್ದು.”

“ಆ ಕಟ್ಟಿ ಮ್ಯಾಲೆ ನಾ ಆಡೇನಿ,” ಎಂದಳು. “ಅದನ್ನೂ ಆ ಭಾಡ್ಯಾನ ಕೈಯಾಗ ಕೊಡಾಕ ಹೊಂಟೀರೇನು?”

ಮಾಸ್ತರರು ಖಾಲಿ ಕರ್ಚೀಫನ್ನು ಮಡಚತೊಡಗಿದರು.

ಆಕೆ ಎದ್ದು ಒಳಗೆ ಹೋದಳು. ಜಗಲಿಯ ಮುಂದೆ ನಿಂತದ್ದು ಬಾಗಿಲಿನಿಂದ ಕಾಣುತ್ತಿತ್ತು. ಏನು ಕೇಳಿದಳೋ. ಹೊರಗೆ ಬಂದು ನಾಣ್ಯವನ್ನು ಪತ್ತಾರರ ಕೈಗೆ ಕೊಟ್ಟಳು. “ಬಿಚ್ಚ್ರಿ. ನಾಯಿಗೆ ಏನರೆ ಆತಂದ್ರ ನಿಮ್ಮನ್ನ ಬಿಡಂಗಿಲ್ಲ ಮತ್ತ.”

ಪತ್ತಾರರು ಒಡೆದ ಹಂಚಿನ ಮೇಲೆ ಇದ್ದಲಿ ಹಚ್ಚಿ, ನಾಣ್ಯವನ್ನು ಅದರ ಮೇಲಿಟ್ಟು, ಅಂಚಿಗೆ ಬಿಳಿಗಾರದ ನೀರು ಸವರಿದರು. ಊದುಗೊಳವೆ ಬಾಯಿಗಿಟ್ಟುಕೊಂಡು ಮೆಲ್ಲಗೆ ಶುರು ಮಾಡಿದರು. ಮೊದಲು ಅರಿಸಿನ ಸುಟ್ಟಿತು. ಹಳದಿ ಹೊಗೆ, ಕೊಬ್ಬರಿ ಎಣ್ಣೆಯ ಕಮಟು ವಾಸನೆ. ಇನ್ನೂರು ವರ್ಷದ ಹಾಗೆ ಕಾಣುತ್ತಿದ್ದ ಹಳಮೆಯೆಲ್ಲ ನಮ್ಮ ಕಣ್ಣೆದುರಿಗೇ ಹೊಗೆಯಾಗಿ ಅಂಗಳದ ಬೇವಿನ ಗಿಡ ಹತ್ತಿತು. ಆಮೇಲೆ ಬೆಳ್ಳಿ ಮಂಕಾಗಿ, ಕೆಂಪಡರಿ, ಬೆಸುಗೆ ಒಮ್ಮೆಲೇ ಕನ್ನಡಿಯಂತೆ ಹೊಳೆಯಿತು. ಪತ್ತಾರರು ಇಕ್ಕಳದಿಂದ ಕೊಂಡಿಯನ್ನು ಎತ್ತಿದರು, ಇನ್ನೊಂದು ಕೈಯ ಕುಂಚದಿಂದ ಕರಗಿದ ಬೆಸುಗೆಯನ್ನು ಒಂದೇ ಎಳೆತಕ್ಕೆ ಒರೆಸಿದರು. ಹುಣಸೆಹುಳಿ ನೀರಿಗೆ ಹಾಕಿದಾಗ ಚುಂಯ್ ಎಂದಿತು.

ತೆಗೆದು ನನ್ನ ಕೈಗೆ ಕೊಟ್ಟರು. ನಾನು ನೋಡಲಿಲ್ಲ. ಹಾಗೆಯೇ ಮಾಸ್ತರರಿಗೆ ದಾಟಿಸಿದೆ.

ಅವರು ಭೂತಗನ್ನಡಿ ಹಿಡಿದು ಬಿಸಿಲಿಗೆ ತಿರುಗಿದರು. ‘ಕ’ದ ಅರ್ಧ ಬೆಸುಗೆಯ ಕೆಳಗೇ ಉಳಿದಿತ್ತಂತೆ. ಇಸವಿಯ ಕೊನೆಯ ಎರಡು ಅಂಕಿಯೂ ಕಾಣಲಿಲ್ಲ. ಮೊದಲಿನ ಎರಡು ಮಾತ್ರ ನಿಚ್ಚಳವಾಗಿದ್ದವು: ಎರಡು, ಸೊನ್ನೆ.

ಮಾಸ್ತರರು ಗಂಟಲು ಸರಿಮಾಡಿಕೊಂಡರು. “ವಿಕ್ರಮ ಶಕೆ ಹಿಡಿದ್ರ ಐವತ್ತೇಳ ವರ್ಷ ಹಿಂದಕ್ಕ, ಅರಸರ ಕಾಲಕ್ಕ...” ಎಂದು ಶುರು ಮಾಡಿದರು. ನನ್ನ ಮುಖ ನೋಡಿದರು. ಪತ್ತಾರರ ಮುಖ ನೋಡಿದರು. ಅವರಿಗೇ ನಗು ಬಂತು. ಸಣ್ಣಗೆ ಶುರುವಾಗಿ ಹೊಟ್ಟೆ ಹಿಡಿದುಕೊಳ್ಳುವವರೆಗೆ ಹೋಯಿತು. ಕಣ್ಣೊರೆಸಿಕೊಂಡು ಕಂಬಳಿಯ ಮೇಲೆ ಕೂತುಬಿಟ್ಟರು.

“ಸೋಮವಾರ ನನ್ನ ಟ್ರಂಕ್ ಹೋಗ್ತಿತ್ತಲ್ರೀ ಮೇಡಂ,” ಎಂದರು. “ಹೋಗೇಬಿಡ್ತಿತ್ತು.”

ಕಂಬಳಿಯ ಇನ್ನೊಂದು ತುದಿಗೆ ನಾನೂ ಕೂತೆ.

“ನಿಮ್ಮ ಆಟ ಮುಗೀತಿಲ್ಲೋ? ನನ್ನ ಕೊಂಡಿ?” ಎಂದಳು ಮನೆಯೊಡತಿ.

ಅಲ್ಲಿಯೇ ನಾನು ತೀರ್ಮಾನ ಮಾಡಿದ್ದು. ಗುರುತಿಲ್ಲದೆ ಅದನ್ನು ಮತ್ತೆ ಆಕೆಯ ಕೊರಳಿಗೆ ಬಿಡುವಂತಿರಲಿಲ್ಲ. ಕೊರಳಿನಿಂದ ಕಸಿಯುವಂತೆಯೂ ಇರಲಿಲ್ಲ. ಕೊಂಡಿ ಮುಟ್ಟದ ಜಾಗದಲ್ಲಿ, ಓದಿದರೆ ಓದಬರುವಂತೆ ‘ಕಲ್ಪನೆ’ ಎಂದು ಪೂರ್ತಿ ಪದ ಕೆತ್ತುತ್ತೇವೆ, ಒಪ್ಪುತ್ತೀರಾ ಎಂದು ಕೇಳಿದೆ.

“ಹಂಗಂದ್ರ?”

“ಮನಸ್ಸಿನಾಗ ಹುಟ್ಟಿಸಿ ಮಾಡಿದ್ದು ಅಂತ.”

“ಮನಸ್ಸಿನಾಗಿಂದಕ್ಕ ಇಷ್ಟ ಬೆಳ್ಳಿ ಯಾಕ ಸುರದ್ರಿಬೇ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಬರೀರಿ. ನಾಯಿ ಮೈಮ್ಯಾಲೆ ಮಾತ್ರ ಬ್ಯಾಡ. ಕಾಲ ಬುಡಕ ಬರೀರಿ.”

ಪತ್ತಾರರು ಪಂಜದ ಕೆಳಗೆ ಒಂದೊಂದೇ ಅಕ್ಷರ ಕೆತ್ತಿ, ಕೊಂಡಿಯನ್ನು ಅದೇ ಜಾಗಕ್ಕೆ ಬೆಸೆದುಕೊಟ್ಟರು. ಆಕೆ ಚಿಟಿಕೆ ಭಂಡಾರ ಹಚ್ಚಿ ಕೊರಳಿಗೆ ಹಾಕಿಕೊಂಡು ನಮಗೆ ಮಜ್ಜಿಗೆ ತಂದಳು.

ಸೋಮವಾರ ವ್ಯಾಪಾರಿ ಬಂದಾಗ ಮಾಸ್ತರರು ಅವನಿಗೆ ಹೇಳಿದ್ದು ಇಷ್ಟೇ ಅಂತೆ: “ಕಾಯಿನ್ ಆ ಕುರಬರ ಮನಿಯಾಕಿ ಕೊಳ್ಳಾಗೈತಿ. ಬೇಕಾದ್ರ ಹೋಗಿ ಕೇಳಪಾ. ಅಕಿ ನಿನ್ನ ಹಾದಿನ ನೋಡಾಕತ್ತಾಳ.” ಅವನು ಹೋಗಲಿಲ್ಲ. ಅವನೂ ಖರೆಯೆಂದೇ ನಂಬಿದ್ದನೋ ಏನೋ, ನಾನು ಹೇಳಲಾರೆ.

ರಬಕವಿಯಲ್ಲಿ ನಾನು ಎದುರಿಗೆ ನಿಂತು ನಾಯಿಯ ಅಚ್ಚಿಗೆ, ಮತ್ತೆ ನಾಣ್ಯ ಹೊಡೆಯಲು ಬಾರದಂತೆ, ಅಡ್ಡ ಗೀಟು ಹಾಕಿಸಿದೆ. ಸಾಣೆಯ ಚಕ್ರಕ್ಕೆ ಹಿಡಿದಾಗ ಬಂದ ಕಿಡಿ ಪತ್ತಾರರ ಮುಖದ ಮೇಲೆ ಆಡುತ್ತಿತ್ತು, ಅವರಿಗೆ ಸಂಕಟವಾಗುತ್ತಿದ್ದುದು ಕಾಣುತ್ತಿತ್ತು. ನನಗೂ ಆಯಿತು. ಅಷ್ಟು ಚೆಂದದ ಬೆನ್ನು ನನ್ನ ಕೈಯಿಂದ ಮತ್ತೆ ಬರುವುದಿಲ್ಲ. ಉಳಿದ ಅಚ್ಚುಗಳಿಗೂ ಹಾಗೆಯೇ ಮಾಡಿದೆವು. ಸಾವಕಾರರು ಒಂದು ವಾರ ಮಾತು ಬಿಟ್ಟರು, ಆಮೇಲೆ ತಾವೇ ತಮ್ಮ ಸೆಟ್ ತಂದು “ಇವಕ್ಕೂ ‘ಕಲ್ಪನೆ’ ಹೊಡೀರಿ, ಆದ್ರ ಡೊಂಕ ಹೊಡೀಬ್ಯಾಡ್ರಿ” ಎಂದರು. ಪತ್ತಾರರು ‘ಕಲ್ಪನೆ’ ಎಂಬ ಪದದ ಒಂದು ಮುದ್ರೆ ಮಾಡಿಕೊಂಡರು. ಬಳಗದ ಬಹಳಷ್ಟು ಜನ ತಮ್ಮವನ್ನು ಕಳಿಸಿದರು. ಒಬ್ಬಿಬ್ಬರು ಅಂದ ಕೆಡುತ್ತದೆ ಎಂದು ಕಳಿಸಲಿಲ್ಲ. ಅವು ಎಲ್ಲಿವೆಯೋ. ಆ ಒಂದು ಮುಳ್ಳು ಉಳಿದಿದೆ, ಉಳಿದಂತೆ ಮನಸ್ಸು ಹಗುರ.

ಮಾಸ್ತರರನ್ನು ನಾನು ಕೊನೆಯ ಸಲ ನೋಡಿದ್ದು ಅದರ ಮುಂದಿನ ಬೇಸಿಗೆಯಲ್ಲಿ. ಹಿನ್ನೀರು ಇಳಿದಿದೆ, ಒಂದು ಹಳೆಯ ಊರಿನ ಪಾಯ ಎದ್ದಿದೆ, ಬನ್ನಿ ಎಂದು ಬೀಳಗಿಗೆ ಕರೆಸಿಕೊಂಡಿದ್ದರು. ನನ್ನ ಮೊಣಕಾಲಿಗೆ ಕೆಸರು ಆಗುವುದಿಲ್ಲ, ದಂಡೆಯ ಮೇಲೆ ಕೊಡೆ ಹಿಡಿದು ನಿಂತೆ. ಅವರು ಪ್ಯಾಂಟು ಮಡಚಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಇಳಿದೇಬಿಟ್ಟರು. ಬಿರುಕು ಬಿಟ್ಟ ನೆಲ ದಾಟಿ, ಸಾಲಾಗಿ ಎದ್ದಿದ್ದ ಮನೆಗಳ ಕಲ್ಲಿನ ನಡುವೆ, ಯಾರದೋ ಅಂಗಳ, ಯಾರದೋ ಅಡಿಗೆಮನೆ, ಎಲ್ಲದರ ಮೇಲೆ ಬಗ್ಗಿ ಬಗ್ಗಿ ನೋಡುತ್ತ ಹೋದರು. ದೂರದಲ್ಲಿ ಒಂದು ಕಡೆ ಕೂತು ಬೆರಳಿನಿಂದ ಕೆದಕಿದರು. ಎದ್ದು ನನ್ನ ಕಡೆ ಕೈ ಎತ್ತಿ ಏನನ್ನೋ ತೋರಿಸಿದರು.

“ಏನ್ ಸಿಕ್ತ್ರೀ?” ಎಂದು ಕೂಗಿದೆ.

“ಗುಂಡಿ!” ಎಂದು ಅತ್ತಕಡೆಯಿಂದ ಕೂಗು ಬಂತು. “ಅಂಗಿ ಗುಂಡಿ!”

ಅದನ್ನು ಪ್ಯಾಂಟಿಗೆ ಒರೆಸಿ, ಜೇಬಿನಲ್ಲಿ ಹಾಕಿಕೊಂಡು, ಮತ್ತೆ ನೀರಿನ ಕಡೆಗೆ ನಡೆದರು.